ಪಾಚಿ ಹೊಂಡದ ಅಮೃತಪ್ಪನ ಮಣ್ಣು

ಸ್ನಾನ ಮಾಡಿಸಲು ಹೆಣದ ಅಂಗಿ ಬಿಚ್ಚಿದ ಅಂಬಣ್ಣ ಚೆಂಬು ಕೈಬಿಟ್ಟ. ತನ್ನ ತಮ್ಮ ಅಮೃತಪ್ಪನ ಬೆನ್ನ ತುಂಬ ಕಬ್ಬಿಣದ ರಾಡಿನ ಏಟಿನ ಬಾಸುಂಡೆಗಳು.

“ಕಾಲು ಜಾರಿ ಹೊಂಡಕ್ಕ ಬಿದ್ದಾನ ಅಂತ ಕಂಪನಿಯವರು ಅಂದ್ರಲ್ರೀ ಭಾವಾರ?” ಅಂದಳು ಸತ್ತವನ ಹೆಂಡತಿ ಉಮಾಬಾಯಿ.

ನಗರದಂಚಿನ ಲಿಂಗಂಪಲ್ಲಿಯ ಆ ತಗಡಿನ ಕೋಣೆಯ ಮುಂದೆ ಕಂಪನಿಯ ವ್ಯಾನು ಆಗಲೇ ನಿಂತಿತ್ತು. ಕಾರ್ಖಾನೆಯ ಮೇಸ್ತ್ರಿ ವಿಜಯಕುಮಾರ ಒಳಗೆ ಇಣುಕಿದ.

“ಜಲ್ದಿ ಮಾಡ್ರಿ. ಕರೆಂಟಿನ ಸುಡುಗಾಡಿನ್ಯಾಗ ಟೈಮ್ ತಗೊಂಡೀನಿ.”

“ನಾವು ಲಿಂಗವಂತರು, ಸುಡಂಗಿಲ್ಲ. ಕುಂದ್ರಿಸಿ ಮಣ್ಣು ಮಾಡ್ತೀವಿ,” ಅಂದ ಅಂಬಣ್ಣ.

“ಜಾಗ ಎಲ್ಲೈತ್ರಿ? ನಿಮ್ಮ ರುದ್ರಭೂಮಿ ಬಾಜೂಕ ಐಟಿ ಬಿಲ್ಡಿಂಗ್ ಏಳಾಕತ್ತೈತಿ, ಅರ್ಧ ಜಾಗ ಅದ ನುಂಗೈತಿ.”

ಸತ್ತವನ ಮೇಲೆ ಮೇಸ್ತ್ರಿಗೆ ಎಂಥ ಅಕ್ಕರೆ! ಉಮಾಬಾಯಿ ಭಾವನ ಕಿವಿಯಲ್ಲಿ ಹೇಳಿದಳು: “ಠಾಣೆಯವರು ಇವತ್ತು ನಮ್ಮ ಮಾತು ಕೇಳಂಗಿಲ್ಲ. ಸುಟ್ರ ಬೂದಿ. ಮಣ್ಣಾಗ ಇದ್ರ ಯಾವತ್ತಾದ್ರೂ ಅಗದು ನೋಡ್ತಾರ.”

*

ಔಷಧಿ ಕಾರ್ಖಾನೆಯ ಕೊಳೆನೀರನ್ನು ಅಮೃತಪ್ಪ ಪಾಚಿ ಹೊಂಡದಲ್ಲಿ ತಿಳಿಗೊಳಿಸುತ್ತಿದ್ದ. ಹೊಲಸು ತಿಂದು ಬೆಳೆದ ಪಾಚಿಯನ್ನು ಸೋಸಿ ಒಣಗಿಸಿದರೆ ಕಂಪನಿ ಅದನ್ನೇ ಗೊಬ್ಬರವೆಂದು ಮಾರುತ್ತಿತ್ತು. ಬಾಣಂತಿಯನ್ನು ನೋಡಿಕೊಂಡಂತೆ ಅದನ್ನು ನೋಡಿಕೊಳ್ಳುತ್ತಿದ್ದ ಪುಣ್ಯಾತ್ಮ. ಆದರೆ ಪಾಚಿಗೆ ಅವಸರವಿಲ್ಲ, ಕಂಪನಿಗೆ ತಾಳ್ಮೆಯಿಲ್ಲ. ನಿನ್ನೆ ಮಧ್ಯಾಹ್ನ ಹೊಂಡ ತಪ್ಪಿಸಿ ಆಸಿಡ್ ನೀರನ್ನು ನೇರ ಕೆರೆಗೆ ಬಿಡಲು ವಿಜಯಕುಮಾರ ಆಳುಗಳೊಂದಿಗೆ ಬಂದ. ಅಮೃತಪ್ಪ ನೀರು ಬಿಡುವ ವಾಲ್ವಿಗೆ ಅಡ್ಡ ನಿಂತ.

“ಕೆರಿ ನೀರು ದನ ಕುಡೀತಾವ್ರೀ. ಬಿಡಂಗಿಲ್ಲ.”

ರಾಡಿನ ಮೊದಲ ಏಟು ಬೆನ್ನಿಗೆ, ಎರಡನೆಯದೂ ಬೆನ್ನಿಗೇ, ಆಮೇಲಿನವೂ. ಅವನು ಸರಿಯಲಿಲ್ಲ. ತಲೆಗೆ ಬಿದ್ದಾಗ ಕುಸಿದ. ಉಸಿರಿರುವಾಗಲೇ ಹೊಂಡಕ್ಕೆ ನೂಕಿದರು.

*

ಬಾಗಿಲಲ್ಲಿ ಜಗ್ಗಾಟ ಶುರುವಾಯಿತು. ಮೇಸ್ತ್ರಿಯ ಆಳುಗಳು ಹೆಣದ ಕಾಲು ಹಿಡಿದರು, ಮನೆಯವರು ತೋಳು ಹಿಡಿದರು. ಒಬ್ಬನ ಗುದ್ದಿಗೆ ಅಂಬಣ್ಣನ ಹಲ್ಲು ಉದುರಿತು. ಕುಳಿ ತೋಡಲು ತಂದಿದ್ದ ಹಾರೆ ಎತ್ತಿ ಉಮಾಬಾಯಿ ವ್ಯಾನಿನ ಗಾಜು ಒಡೆದಳು. ಮುಂದಿನ ಏಟು ವಿಜಯಕುಮಾರನ ಮೊಣಕಾಲಿಗೆ. ಮೂಳೆ ಲಟಕ್ಕೆಂದಿತು. ಆಳುಗಳು ದಿಕ್ಕಾಪಾಲಾದರು.

“ಈ ಮೇಸ್ತ್ರೀನೂ ಹೊತ್ಕೊಂಡು ಬರ್ರಿ,” ಅಂದಳು.

ರುದ್ರಭೂಮಿಯಲ್ಲಿ ಅಮೃತಪ್ಪನನ್ನು ಕುಳಿಯಲ್ಲಿ ಕೂರಿಸಿ ಹಣೆಗೆ ವಿಭೂತಿ ಹಚ್ಚಿದರು.

“ಮೊದಲ ಮಣ್ಣು ನೀ ಹಾಕು,” ಅಂದಳು ಉಮಾಬಾಯಿ ಮೇಸ್ತ್ರಿಗೆ.

ವಿಜಯಕುಮಾರ ತೆವಳಿ ಬಂದು ಹಿಡಿ ಮಣ್ಣು ತೆಗೆದುಕೊಂಡ. ಎದುರಿಗೆ ನೆಟ್ಟಗೆ ಕೂತ ಹೆಣ. ಅವನ ಮುಷ್ಟಿ ಬಿಚ್ಚಲೇ ಇಲ್ಲ. ಉಮಾಬಾಯಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮಣ್ಣು ಕುಳಿಗೆ ಬೀಳಲೆಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.