ದಿಂಬಿನೊಳಗಿನ ಫೋನು

ದಿಂಬಿನ ಒಂದು ಮಗ್ಗುಲಿನ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಎಳೆದೆಳೆದು ಹಳೆಯ ಹೊದಿಕೆಯ ಮೇಲೆ ಹರಡುತ್ತಿದ್ದೆ. ಬಿಸಿಲು ಕಿಟಕಿ ಬಿಟ್ಟು ಹೋಗುವ ಮೊದಲು ಹತ್ತಿ ಆರಬೇಕು, ಸಂಜೆಗೆ ಮತ್ತೆ ತುಂಬಿ ಹೊಲಿಯಬೇಕು. ಮೊಮ್ಮಗಳ ದಿಂಬು ಅದು. ಅಲುಗಾಡದೆ ಅದರ ಮೇಲೇ ಬಿದ್ದುಕೊಂಡಿದ್ದು ಹತ್ತಿ ಕಲ್ಲಾಗಿತ್ತು. ಕೈಗೆ ಸಿಕ್ಕ ಇನ್ನೊಂದು ಗಟ್ಟಿ ಗಂಟನ್ನು ಹಿಸುಕಿದೆ. ಅದು ಬೆಳಗಿತು.

ಫೋನು. ಮೂಲೆ ಒಡೆದದ್ದು, ಯಾರೋ ಬಳಸಿ ಬಿಟ್ಟದ್ದು.

ಮೊಮ್ಮಗಳನ್ನು ನಾವು ಚೂಟಿ ಎಂದು ಕರೆಯುತ್ತೇವೆ. ಚಿಕ್ಕವಳಿದ್ದಾಗ ಅಷ್ಟು ಚುರುಕು. ಬಾಗಿಲು ಬಡಿದರೆ ಎಲ್ಲರಿಗಿಂತ ಮೊದಲು ಓಡುವವಳು. ಈಗ ಹತ್ತೊಂಬತ್ತು. ಕಾಲೇಜು ಬಿಟ್ಟಿದ್ದಾಳೆ. ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರೆ ಹೆಬ್ಬೆರಳೊಂದೇ ಓಡಾಡುತ್ತದೆ. ಏನು ನೋಡುತ್ತೀಯೆಂದು ಒಮ್ಮೆ ಕೇಳಿದ್ದಕ್ಕೆ ತೋರಿಸಿದಳು: ಯಾವಳೋ ತನ್ನ ಮನೆ ಗುಡಿಸಿ, ಒರೆಸಿ, ಹಾಸಿಗೆಗೆ ಹೊಸ ಹೊದಿಕೆ ಹಾಸುತ್ತಿದ್ದಳು. ನೋಡುತ್ತಿದ್ದವಳ ಹಾಸಿಗೆ ಕೊಳೆತು ನಾರುತ್ತಿತ್ತು.

ನನ್ನ ಮಗ ಬಸ್ಸು ರಿಪೇರಿ ಮಾಡುವವನು. ಕೆಟ್ಟದ್ದನ್ನು ಬಿಚ್ಚಿದರೆ ಸರಿಹೋಗುತ್ತದೆಂದು ನಂಬಿದವನು. ಒಂದು ದಿನ ಅವಳ ಫೋನನ್ನು ಸುತ್ತಿಗೆಯಿಂದ ಪುಡಿ ಮಾಡಿದ. ಅವಳು ಅಳಲಿಲ್ಲ, ಊಟ ಬಿಟ್ಟಳು. ಕಣ್ಣು ಗುಳಿಬಿದ್ದ ಮೇಲೆ ಅವನೇ ಅಳುತ್ತಾ ಹೊಸದು ತಂದುಕೊಟ್ಟ. ಸಂಜೆಯಾದರೆ ಫೋನು ಅವನ ಕಪಾಟಿಗೆ ಹೋಗಬೇಕೆಂದು ಒಪ್ಪಂದವಾಯಿತು. ಅವಳು ತಕರಾರಿಲ್ಲದೆ ಕೊಡುತ್ತಿದ್ದಳು. "ನಮ್ಮ ಹುಡುಗಿ ದಾರಿಗೆ ಬಂದ್ಲಮ್ಮ" ಎಂದು ಮಗ ಬೀಗಿದ. ದಾರಿ ದಿಂಬಿನೊಳಗಿತ್ತು.

ಫೋನು ಬಿಡಲಾಗದ ಇಂಥವರಿಗೆಂದೇ ಆಸ್ಪತ್ರೆಯಲ್ಲಿ ಒಂದು ವಾರ್ಡು ಇದೆ. ಎಳೆದು ತಂದವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ಬರುವವರೇ ತಮ್ಮ ಕೈಯಾರೆ, ತಮ್ಮ ಮಾತಿನಲ್ಲಿ, ಯಾಕೆ ಬರುತ್ತೇನೆಂದು ಕಾಗದ ಬರೆದು ಅಂಚೆಗೆ ಹಾಕಬೇಕು. ಚೂಟಿ ಒಪ್ಪಿದ್ದಳು. ಆದರೆ ಎರಡು ಸಾಲು ಬರೆಯುವಷ್ಟರಲ್ಲಿ ಕೈ ಫೋನಿಗೆ ಹೋಗುತ್ತಿತ್ತು. ನೀನೇ ಬರಿ, ನಾನು ಸಹಿ ಹಾಕುತ್ತೇನೆ ಎಂದು ನನ್ನನ್ನು ಗೋಗರೆದಳು. ನಾನು ಒಪ್ಪಲಿಲ್ಲ. ಕೊನೆಗೆ ನೀನೇ ಒಂದು ಕಾಗದ ಬರೆದುಕೊಡು ಎಂದು ಫೋನಿಗೇ ಹೇಳಿ ಬರೆಸಿ, ನೋಡಿಕೊಂಡು ನಕಲು ಮಾಡಿ ಕಳಿಸಿದಳು. ಓದಿ ನನ್ನ ಕಣ್ಣು ತುಂಬಿತ್ತು, ಅಷ್ಟು ಚೆಂದದ ಕಾಗದ. ಅದು ಹೋದ ದಾರಿಯಲ್ಲೇ ವಾಪಸು ಬಂತು. ಹಿಂದೆಯೇ ಆ ವಾರ್ಡಿನ ನರ್ಸಮ್ಮನ ಫೋನು.

"ಇದೇ ಕಾಗದ ಮೂರು ಮನೆಯಿಂದ ಬಂದಿದೆ ಅಜ್ಜಿ. ಕೈಬರಹ ಬೇರೆ, ಮಾತು ಒಂದೇ. ಬಯ್ಯಬೇಡಿ. ತಪ್ಪಿದ್ರೂ ಪರವಾಗಿಲ್ಲ, ಅವಳದ್ದೇ ಬೇಕು."

ಅದಾಗಿ ತಿಂಗಳುಗಳೇ ಕಳೆದವು. ಮೊನ್ನೆ ನರ್ಸಮ್ಮ ಮತ್ತೆ ಕರೆ ಮಾಡಿ, ಒಂದು ಹಾಸಿಗೆ ಖಾಲಿಯಾಗುತ್ತಿದೆ, ಈ ವಾರ ಕಾಗದ ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದಳು.

ಸ್ನಾನ ಮುಗಿಸಿ ಬಂದ ಚೂಟಿ ಬಾಗಿಲಲ್ಲೇ ನಿಂತಳು. ನನ್ನ ಮಡಿಲಲ್ಲಿದ್ದ ಫೋನು ನೋಡಿ ಮುಖ ಬಿಳಿಚಿಕೊಂಡಿತು.

"ದಿಂಬು ಬಿಚ್ಚು ಅಂತ ನಿಂಗ್ಯಾರು ಹೇಳಿದ್ದು?"

"ವಾಸನೆ ಹೇಳ್ತು."

ಅವಳು ನಗಲಿಲ್ಲ. ಹತ್ತಿಯ ಪಕ್ಕ ಕುಸಿದು ಕೂತಳು. ಅಪ್ಪನಿಗೆ ಹೇಳಬೇಡ ಎಂದಳು. ನಾನು ಹೇಳುವುದಿಲ್ಲ, ಹೇಳುವವಳು ನೀನು ಎಂದು ಅವಳ ಮುಂದೆ ಹಾಳೆ, ಪೆನ್ನು ಇಟ್ಟೆ.

"ಆಗಲ್ಲ ಅಜ್ಜಿ. ತಲೆ ನಿಲ್ಲಲ್ಲ."

ತಲೆ ನಿಲ್ಲದವರಿಗೆ ಬರೆಯಲು ಕಲಿಸುವ ರೀತಿಯೊಂದು ನನಗೆ ಗೊತ್ತಿತ್ತು. ನಾನು ಅಕ್ಷರ ಕಲಿತ ರಾತ್ರಿಶಾಲೆಯಲ್ಲಿ ಎಲ್ಲರೂ ಹಗಲೆಲ್ಲ ದುಡಿದು ಬಂದು ತೂಕಡಿಸುವವರೇ. ಮೇಷ್ಟ್ರು ಒಂದು ಸಾಲು ಬರೆಸಿ, ಎಬ್ಬಿಸಿ, ಅಂಗಳ ಸುತ್ತಿಸಿ, ಮತ್ತೆ ಕೂರಿಸಿ ಇನ್ನೊಂದು ಸಾಲು ಬರೆಸುತ್ತಿದ್ದರು.

"ಒಂದು ಸಾಲು ಬರಿ. ಆಮೇಲೆ ಫೋನ್ ನೋಡ್ಕೋ. ನಾನು ಕರೆದಾಗ ಇನ್ನೊಂದು ಸಾಲು."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು, ತಮಾಷೆಯೇನೋ ಎಂದು. ನಾನು ಫೋನನ್ನು ಅವಳ ಕೈಗೇ ಕೊಟ್ಟು ಹತ್ತಿ ಬಿಡಿಸತೊಡಗಿದೆ. ಅಂದು ಬರೆದದ್ದರಲ್ಲಿ ಹೆಚ್ಚಿನದನ್ನು ಅವಳೇ ಹೊಡೆದುಹಾಕಿದಳು. ಕೆಲವೊಮ್ಮೆ ಕರೆದರೂ ಬರಲಿಲ್ಲ. ಒಮ್ಮೆ ಹಾಳೆಯನ್ನೇ ಮುದುರಿ ಎಸೆದಳು; ನಾನು ಎತ್ತಿ, ಮಂಡಿಯ ಮೇಲಿಟ್ಟು ಸವರಿ, ಮತ್ತೆ ಮುಂದಿಟ್ಟೆ. ಮರುದಿನ ಮಧ್ಯಾಹ್ನ, ಹಿಂದಿನ ಸಂಜೆ ಮುಗಿಯದ ದಿಂಬಿಗೆ ನಾನು ಕೊನೆಯ ಹೊಲಿಗೆ ಹಾಕುವಾಗ, ಓದು ಎಂದು ಕೈಗಿತ್ತಳು. ಅಕ್ಷರ ನನ್ನದಕ್ಕಿಂತ ಸೊಟ್ಟಗಿತ್ತು.

"ನನ್ನ ಬೆರಳು ನನ್ನ ಮಾತು ಕೇಳುವುದಿಲ್ಲ. ಇಷ್ಟು ನೋಡಿದ್ದೇನೆ, ಒಂದೂ ನೆನಪಿಲ್ಲ. ಅಪ್ಪನಿಗೆ ಗೊತ್ತಿಲ್ಲದ ಫೋನ್ ದಿಂಬಿನಲ್ಲಿ ಇತ್ತು. ಅಜ್ಜಿಗೆ ಸಿಕ್ಕಿತು. ಸಿಕ್ಕಿದಾಗ ಭಯವಾಯಿತು, ಆಮೇಲೆ ನೆಮ್ಮದಿಯಾಯಿತು. ಈ ಕಾಗದ ಬರೆಯುವಾಗಲೂ ಮಧ್ಯೆ ಮಧ್ಯೆ ನೋಡಿದೆ. ಹಾಸಿಗೆ ಇದ್ದರೆ ಕೊಡಿ."

ಚೆನ್ನಾಗಿಲ್ಲ ಅಲ್ವಾ ಎಂದು ಕೇಳಿದಳು. ಇಲ್ಲ, ಆದರೆ ನಿನ್ನದು ಎಂದೆ.

ಅಂಚೆ ಡಬ್ಬಿ ಬೀದಿಯ ತಿರುವಿನಲ್ಲಿ, ಬೀಗದಂಗಡಿಯ ಎದುರಿಗಿದೆ. ಅಷ್ಟು ದೂರ ನಡೆಯುವುದಕ್ಕೇ ಅವಳಿಗೆ ಏದುಸಿರು ಬಂತು. ಒಂದು ಕೈಯಲ್ಲಿ ಲಕೋಟೆ, ಇನ್ನೊಂದರಲ್ಲಿ ಫೋನು. ಡಬ್ಬಿಯ ಬಾಯಿಗೆ ಲಕೋಟೆ ಹಿಡಿದು ಬಹಳ ಹೊತ್ತು ನಿಂತಳು. ಅಂಗಡಿಯವನು ಬೀಗದಕೈ ತೀಡುತ್ತಿದ್ದ ಅರವನ್ನು ಕೆಳಗಿಟ್ಟು ನಮ್ಮನ್ನೇ ನೋಡತೊಡಗಿದ. ಅವಳ ಇನ್ನೊಂದು ಕೈಯ ಹೆಬ್ಬೆರಳು ಮಾತ್ರ ಸರಿಯುತ್ತಲೇ ಇತ್ತು.

ಆಮೇಲೆ ಲಕೋಟೆ ಹಿಡಿದ ಬೆರಳು ಸಡಿಲಿಸಿದಳು. ಕಾಗದ ಡಬ್ಬಿಯ ತಳಕ್ಕೆ ಬಿದ್ದ ಸದ್ದು ನನಗೆ ಕೇಳಿಸಿತು. ಅವಳ ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಏನೋ ಹಾಡುತ್ತಿತ್ತು.