ಮಂತ್ರಿಯ ರಾಜೀನಾಮೆ

ಮನೆಯ ಮೊಲಕ್ಕೆ ಮಂತ್ರಿ ಎಂದು ಹೆಸರಿಟ್ಟವನು ಜಾದೂಗಾರನೇ. ಮಾಡುವುದು ಕಡಿಮೆ, ತಿನ್ನುವುದು ಜಾಸ್ತಿ ಎಂದು ಅವನ ಸಮಜಾಯಿಷಿ. ಆ ಕಡಿಮೆ ಕೆಲಸವಾದರೂ ಏನು? ಮೇಜಿನ ಹಿಂದೆ ಜೋತುಬಿದ್ದ ಕರಿ ಚೀಲದಲ್ಲಿ ಮಿಸುಕಾಡದೆ ಕೂತಿದ್ದು, ಕೊನೆಗೆ ಟೋಪಿಯಿಂದ ಕಿವಿ ಹಿಡಿದು ಎತ್ತಿದಾಗ ಮಕ್ಕಳೆದುರು ನೇತಾಡುವುದು.

ಈಚೆಗೆ ಮಂತ್ರಿ ಮೈ ತುಂಬಿಕೊಂಡಿತ್ತು. ಮರುದಿನ ಶಾಲೆಯೊಂದರಲ್ಲಿ ಆಟವಿತ್ತು. ಮೊಲ ಇರಲೇಬೇಕೆಂದು ಮುಖ್ಯೋಪಾಧ್ಯಾಯಿನಿ ಒತ್ತಿ ಒತ್ತಿ ಹೇಳಿದ್ದರು. ಮೊಬೈಲಿನಲ್ಲೇ ಸಕಲ ಜಾದೂ ಸಿಗುವ ಕಾಲದಲ್ಲಿ ಜಾದೂಗಾರನನ್ನು ಕರೆಯುವವರೇ ಅಪರೂಪ. ಇದೂ ಕೈತಪ್ಪಿದರೆ ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿ ಕೂರಬೇಕಿತ್ತು. ಹಾಗಾಗಿ ಹಿಡಿಸುತ್ತದೋ ಇಲ್ಲವೋ ನೋಡಲು ನಡುಮನೆಯಲ್ಲಿ ಕೂತು ಮಂತ್ರಿಯನ್ನು ಚೀಲಕ್ಕೆ ತುರುಕುತ್ತಿದ್ದ.

"ಅದರ ಎದೆ ಹೇಗೆ ಹೊಡ್ಕೋತಿದೆ ನೋಡ್ರೀ. ಬಿಡಿ ಅದನ್ನ," ಎಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ.

"ಆರಾಮಾಗಿದೆ ಕಣೇ. ಕಷ್ಟ ಆಗಿದ್ರೆ ಕೂಗ್ತಿರ್ಲಿಲ್ವಾ?"

"ನಾನು ಕೂಗಿದ್ನಾ?"

ಮೊದಲೆಲ್ಲ ಅವನ ಆಟದಲ್ಲಿ ಗರಗಸಕ್ಕೆ ಸಿಕ್ಕಿ ಎರಡು ತುಂಡಾಗುತ್ತಿದ್ದವಳು ಇವಳೇ. ಪೆಟ್ಟಿಗೆಯ ಒಂದೇ ಅರ್ಧದಲ್ಲಿ ಮಂಡಿಯನ್ನು ಎದೆಗೆ ಅವುಚಿಕೊಂಡು ಮುದುಡಿ, ತಲೆಯನ್ನಷ್ಟೇ ಹೊರಗಿಟ್ಟು, ಆಟ ಮುಗಿಯುವ ತನಕ ಹಲ್ಲು ಕಿರಿಯುತ್ತಿರಬೇಕು. ಬೆನ್ನು ಕೈಕೊಟ್ಟ ಮೇಲೆ ಬಿಟ್ಟಳು. ಆ ಜಾಗಕ್ಕೆ ಮಂತ್ರಿ ಬಂತು.

"ನೀನು ನಗ್ತಾನೇ ಇದ್ದೆಯಲ್ಲ!"

"ಪಕ್ಕದಲ್ಲಿ ನಿಂತ್ಕೊಂಡು 'ನಗು, ಜನ ನೋಡ್ತಿದ್ದಾರೆ' ಅಂತ ಗದರ್ತಾ ಇದ್ದಿದ್ದು ಯಾರು?"

ಊರವರ ಕಣ್ಣಿಗೆಲ್ಲ ಮಣ್ಣೆರಚಿದ ಮಹಾಶಯ ತನ್ನ ಕಣ್ಣನ್ನೂ ಬಿಟ್ಟಿರಲಿಲ್ಲ. ಆದರೆ ಸೋಲೊಪ್ಪುವ ಜಾಯಮಾನ ಅವನದಲ್ಲ. "ಪೆಟ್ಟಿಗೆಲಿ ಅಂಥದ್ದೇನಿದೆ? ನಾನೇ ಮಲಗಿ ತೋರಿಸ್ತೀನಿ," ಎಂದ.

ಮಂಚದ ಕೆಳಗಿದ್ದ ಪೆಟ್ಟಿಗೆ ಹೊರಬಂತು. ಒಳಗಿದ್ದ ಹಳೆಯ ಹೊದಿಕೆಗಳನ್ನು ತೆಗೆದು, ಏದುಸಿರು ಬಿಡುತ್ತಾ, ತಲೆಯನ್ನಷ್ಟೇ ಹೊರಗಿಟ್ಟು ಅವನು ತೂರಿಕೊಂಡ. ಅವಳು ಮುಚ್ಚಳ ಹಾಕಿ ಚಿಲಕ ಸಿಕ್ಕಿಸಿದ್ದಷ್ಟೇ, "ಅಯ್ಯೋ, ಹಾಲು!" ಎಂದು ಒಳಗೋಡಿದಳು. ಹಾಲು ಉಕ್ಕಿತ್ತು. ಒಲೆ ಒರೆಸಿದಳು. ಸ್ವಲ್ಪವೂ ಅವಸರವಿಲ್ಲದೆ ಒರೆಸಿದಳು.

ಇತ್ತ ಅವನ ಮೀನಖಂಡ ಹಿಡಿದುಕೊಂಡಿತು. ಮೂಗು ತುರಿಸತೊಡಗಿತು, ಕೈಗಳು ಒಳಗೆ. ಚೀಲದಿಂದ ಹೊರಬಿದ್ದ ಮಂತ್ರಿ ಎದುರಿಗೇ ಬಂದು ಕೂತು, ಮೂಗರಳಿಸಿ ಅವನನ್ನೇ ನೋಡುತ್ತಿತ್ತು. ಕೂಗೋಣವೆಂದರೆ ಮಂಡಿ ಎದೆಗೊತ್ತಿ ಉಸಿರೇ ಸಾಲದು. ಸುಮ್ಮನಿರುವವರೆಲ್ಲ ಆರಾಮಾಗಿರುವುದಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಮೊಲದ ಮುಖ ನೋಡಿ ನಾಚಿಕೆಯಾಯಿತು. ಹೆಂಡತಿಯನ್ನು ನೆನೆದು ಇನ್ನೂ ನಾಚಿಕೆಯಾಯಿತು.

ಕೊನೆಗೆ ಅವಳು ಬಂದು ಚಿಲಕ ತೆಗೆದಳು. "ಕೂಗ್ಲೇ ಇಲ್ವಲ್ಲ? ಆರಾಮಾಗಿತ್ತು ಅನ್ಸತ್ತೆ."

"ತಪ್ಪಾಯ್ತು ಕಣೇ," ಎಂದ. ಮೊಲದ ಕಡೆಗೂ ಒಮ್ಮೆ ನೋಡಿದ.

ಮರುದಿನ ಶಾಲೆಯಲ್ಲಿ ಮಂತ್ರಿ ಮುಂದಿನ ಸಾಲಿನಲ್ಲಿ, ಅವಳ ಮಡಿಲಲ್ಲಿ ಗಜ್ಜರಿ ಮೆಲ್ಲುತ್ತಿತ್ತು. ಮುಖ್ಯೋಪಾಧ್ಯಾಯಿನಿ ಹುಬ್ಬು ಗಂಟಿಕ್ಕಿ, "ಮೊಲ ಇರ್ಬೇಕು ಅಂದಿದ್ದೆ," ಎಂದರು.

"ಇದೆಯಲ್ಲ ಮೇಡಂ, ಆಟ ನೋಡೋಕೆ ಬಂದಿದೆ," ಎಂದವಳೇ ಮೊಲವನ್ನು ಅವರ ಮಡಿಲಿಗೆ ದಾಟಿಸಿ, ಗರಗಸ ಹಿಡಿದು ವೇದಿಕೆ ಹತ್ತಿದಳು. ಅವರು ಬೈಯಲೆಂದು ಬಾಯಿ ತೆರೆದರು. ಅಷ್ಟರಲ್ಲಿ ಕೈ ತಾನಾಗಿ ಮೊಲದ ಬೆನ್ನು ಸವರತೊಡಗಿತ್ತು.

ಪೆಟ್ಟಿಗೆಯಲ್ಲಿ ಜಾದೂಗಾರ. "ಕೊಯ್ಯಿ! ಕೊಯ್ಯಿ!" ಎಂದು ಮಕ್ಕಳು ಸೂರು ಹಾರಿಹೋಗುವಂತೆ ಕಿರುಚಿದರು. ಗರಗಸ ಎಳೆಯುತ್ತಲೇ ಅವಳು ಅವನ ಕಿವಿಯತ್ತ ಬಾಗಿದಳು. ಈಗ 'ನಗು' ಎನ್ನುತ್ತಾಳೆ ಎಂದು ಅವನು ಹಲ್ಲು ಕಿರಿದು ಸಿದ್ಧನಾದ.

"ನಗದಿದ್ರೂ ಪರವಾಗಿಲ್ಲ. ಕಾಲು ಹಿಡ್ಕೊಂಡ್ರೆ ಹೇಳಿ, ತಕ್ಷಣ ತೆಗೀತೀನಿ," ಎಂದಳು.

ಈ ಮಾತನ್ನು ಅವನು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ. ಅವನ ಕಣ್ಣಲ್ಲಿ ನೀರಾಡಿತು. ಗರಗಸ ನಿಜವಾಗಿಯೂ ತಾಗಿತೆಂದುಕೊಂಡು ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು.