ತಾರಸಿಗೆ ಕರೆದ ಹದ್ದುಗಳು

ಕೊಟ್ರೇಶ್ ಎರಡು ವರ್ಷದಿಂದ ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದ. ಬೆಳಿಗ್ಗೆ ಆರಕ್ಕೊಮ್ಮೆ, ಲಿಂಗಪೂಜೆಗೆ ಮುನ್ನ. ಹತ್ತು ಗಂಟೆಗೆ ಇನ್ನೊಮ್ಮೆ, ತಾರಸಿಯಿಂದ ಇಳಿದು ಬಂದ ಮೇಲೆ. ಅವನ ತಾಯಿ ಬಸಮ್ಮ ಇದನ್ನು ಭಕ್ತಿಯೆಂದೇ ನಂಬಿದ್ದಳು. “ನನ್ನ ಮಗ ಹದ್ದಿಗೆ ಮಂಡಕ್ಕಿ ಹಾಕ್ತಾನ. ಆಮ್ಯಾಲೆ ಮತ್ತ ಜಳಕ ಮಾಡಿನೇ ನಾಷ್ಟಾಕ್ಕ ಕೂಡ್ರೋದು” ಎಂದು ಓಣಿಯ ಹೆಂಗಸರಿಗೆಲ್ಲ ಹೇಳಿದ್ದಳು. ಕೊಟ್ಟೂರಿನಿಂದ ಬಂದು ಜಾಲಹಳ್ಳಿಯ ಈಚೆಗಿರುವ ಈ ಬಡಾವಣೆಯಲ್ಲಿ ಹನ್ನೆರಡು ವರ್ಷವಾದರೂ ಬಸಮ್ಮನಿಗೆ ಬೀದಿ ಅಂದರೆ ಓಣಿಯೇ.

ಅವನು ತಾರಸಿಗೆ ಒಯ್ಯುವ ಚೀಲದಲ್ಲಿ ಇರುತ್ತಿದ್ದದ್ದು ಮಂಡಕ್ಕಿಯಲ್ಲ. ಕೋಳಿ ಅಂಗಡಿಯವರು ಎಸೆಯಲು ಇಟ್ಟಿದ್ದ ಚರ್ಮ, ಕರುಳು. ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯ ತಲೆಗೆ ಹೆಲ್ಮೆಟ್ ಏರಿಸಿ, ಗುರುತಿನವರು ಯಾರೂ ಇಲ್ಲದ ಬಡಾವಣೆಗೆ ಹೋಗಿ, ಅಂಗಡಿಯವನ ಕಡೆ ನೋಡದೆ ಚೀಲ ಮುಂದೆ ಹಿಡಿಯುತ್ತಿದ್ದ.

ಇದೆಲ್ಲ ಒಂದು ಫೋಟೋಗಾಗಿ.

ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ವಿಮಾನಗಳ ಪ್ರದರ್ಶನ ನಡೆಯುತ್ತದಲ್ಲ, ಅದರಲ್ಲಿ ಕೆಂಪು ಬಿಳಿ ಬಣ್ಣದ ಒಂಬತ್ತು ಜೆಟ್‌ಗಳು ರೆಕ್ಕೆಗೆ ರೆಕ್ಕೆ ತಾಗುವಂತೆ ಒಟ್ಟಾಗಿ ಹಾರುತ್ತವೆ. ಒಂದು ಕ್ಷಣ ಒಂಬತ್ತೂ ಒಂದೇ ಬಾರಿಗೆ ಪಕ್ಕಕ್ಕೆ ವಾಲುತ್ತವೆ. ಬಿಸಿಲು ಒಂಬತ್ತೂ ಬೆನ್ನಿನ ಮೇಲೆ ಒಟ್ಟಿಗೆ ಬೀಳುತ್ತದೆ. ಆ ಕ್ಷಣ ಬೇಕಾಗಿತ್ತು ಕೊಟ್ರೇಶನಿಗೆ. ಕಳೆದ ಸಲ ಸಿಕ್ಕಿತ್ತು, ಆದರೆ ಕೈ ಒಂದು ಎಳೆ ಹಿಂದೆ ಬಿದ್ದು ಕೊನೆಯ ವಿಮಾನ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಅವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಎರಡನೇ ಪಾಳಿಯ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡಿಭಾಗವನ್ನು ಪಕ್ಕಕ್ಕೆ ಎಸೆಯುವವನು. ಎಂಟೂವರೆ ವಿಮಾನದ ಫೋಟೋವನ್ನು ಅವನು ಯಾರಿಗೂ ತೋರಿಸಲಿಲ್ಲ.

ತೋರಿಸಿದ್ದು ಗೆಳೆಯ ಅಮರೇಶನಿಗೆ ಮಾತ್ರ. ಅವನಿಗೂ ಇದೇ ಹುಚ್ಚು. “ಕೈ ಪಳಗ್ಬೇಕು ಗುರು. ವಿಮಾನ ಎರಡು ವರ್ಷಕ್ಕೊಂದ್ಸಲ ಬರುತ್ತೆ. ಹದ್ದು ದಿನಾ ಬರುತ್ತೆ. ಹದ್ದಿನ ಮೇಲೆ ಪ್ರಾಕ್ಟೀಸ್ ಮಾಡು” ಎಂದಿದ್ದ ಅಮರೇಶ.

ಹದ್ದು ದಿನಾ ಬರಬೇಕಾದರೆ ಏನಾದರೂ ಹಾಕಬೇಕು. ಹಾಗೆ ಶುರುವಾಯಿತು. ಒಂಬತ್ತೂವರೆಗೆ ತಾರಸಿಗೆ ಹತ್ತಿ ಸ್ಟೀಲ್ ತಟ್ಟೆಯನ್ನು ಚಮಚದಿಂದ ಬಡಿಯುವುದು, ಚೂರುಗಳನ್ನು ಮೇಲಕ್ಕೆ ಎಸೆಯುವುದು, ಕ್ಯಾಮೆರಾ ಎತ್ತಿಕೊಳ್ಳುವುದು. ಮೊದಲು ಆರು ಹದ್ದು ಬಂದವು. ವರ್ಷ ಕಳೆಯುವಷ್ಟರಲ್ಲಿ ನಲವತ್ತು. ಭಾರವಾದ ಲೆನ್ಸನ್ನು ಎಡಗೈ ಅಂಗೈಯಲ್ಲಿ ಹೊತ್ತು, ಉಸಿರು ಹಿಡಿದು, ರೆಪ್ಪೆ ಬಡಿಯದೆ ಅವನು ಹಕ್ಕಿಯ ಹಿಂದೆ ತಿರುಗುತ್ತಿದ್ದ. ಬೆಳಿಗ್ಗೆ ಅದೇ ಅಂಗೈಯಲ್ಲಿ ಲಿಂಗ ಕೂತಿರುತ್ತಿತ್ತು, ಅದೇ ಕಣ್ಣು ಹಾಗೆಯೇ ನೆಟ್ಟಿರುತ್ತಿತ್ತು. ಎರಡರ ನಡುವೆ ಒಂದು ಸ್ನಾನದ ಅಂತರವಿದೆ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಈ ಫೆಬ್ರವರಿಯಲ್ಲಿ ಪ್ರದರ್ಶನದ ದಿನ ಗೊತ್ತಾಯಿತು. ಅಮರೇಶ ಯಲಹಂಕದ ಹತ್ತಿರ ಕಟ್ಟುತ್ತಿರುವ ಹದಿನಾಲ್ಕು ಅಂತಸ್ತಿನ ಕಟ್ಟಡವೊಂದರ ಮೇಲೆ ಜಾಗ ಹಿಡಿದ. ಅಲ್ಲಿನ ಎಂಜಿನಿಯರ್ ಸೋಮವಾರ ಒಂದೇ ದಿನ, ಇಬ್ಬರಿಗೆ ಮಾತ್ರ ಎಂದು ಒಪ್ಪಿದ್ದರು. “ಇದಕ್ಕಿಂತ ಒಳ್ಳೆ ಜಾಗ ಇನ್ನೊಂದು ಜನ್ಮಕ್ಕೆ ಸಿಗಲ್ಲ ಕಣೋ” ಎಂದ ಅಮರೇಶ.

ಅದೇ ವಾರ ಸುತ್ತಮುತ್ತಲ ಮಾಂಸದ ಅಂಗಡಿಗಳೆಲ್ಲ ಮುಚ್ಚಿದವು. ಪ್ರದರ್ಶನದ ಹೊತ್ತಿಗೆ ಪ್ರತಿ ಸಲವೂ ಹೀಗೆ ಅಪ್ಪಣೆಯಾಗುತ್ತದೆ. ಮಾಂಸದ ಚೂರಿಗೆ ಹದ್ದು ಬರಬಾರದು, ಹದ್ದು ವಿಮಾನಕ್ಕೆ ಬಡಿಯಬಾರದು ಎಂದು. ಕೊಟ್ರೇಶ್ ಅದನ್ನು ಓದಿದ. ಓದಿದವನು ಮರುದಿನ ಸ್ಕೂಟರ್ ಏರಿ, ಅಪ್ಪಣೆಯ ಗೆರೆಯ ಆಚೆ, ನೆಲಮಂಗಲದ ಕಡೆ ತೆರೆದಿದ್ದ ಅಂಗಡಿಗೆ ಹೋಗಿ ಬಂದ. ಇನ್ನು ನಾಲ್ಕು ದಿನ ಕೈ ಪಳಗಿಸಿದರೆ ಸಾಕು ಎಂಬುದು ಅವನ ಲೆಕ್ಕ. ನಮ್ಮ ಆಸೆಗೆ ಅಪ್ಪಣೆ ಓದಲು ಬರುತ್ತದೆ, ಅರ್ಥ ಮಾಡಿಕೊಳ್ಳಲು ಬರುವುದಿಲ್ಲ.

ಬೀದಿ ಗುಡಿಸುವ ಚನ್ನಕ್ಕ ಸಿಂಧನೂರಿನ ಕಡೆಯವಳು. ಗುರುವಾರ ಬೆಳಿಗ್ಗೆ ಪೊರಕೆ ಊರಿಕೊಂಡು ಕತ್ತೆತ್ತಿ ನಿಂತಿದ್ದಳು. ಕೊಟ್ರೇಶನ ಮನೆಯ ನೀರಿನ ಟ್ಯಾಂಕು, ಕೇಬಲ್ಲು, ಕಂಬ, ಎಲ್ಲದರ ಮೇಲೂ ಹದ್ದು. ನಲವತ್ತಲ್ಲ, ನೂರರ ಮೇಲಿದ್ದವು.

“ಸರ, ಏನ್ ಹಾಕ್ತೀರಿ ಇವಕ್ಕ?”

“ಮಂಡಕ್ಕಿ, ಚನ್ನಕ್ಕ.”

“ಮಂಡಕ್ಕಿ ತಿನ್ನೋ ಹದ್ದು ನಮ್ಮ ಕಡಿ ಇಲ್ರಿ.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಅಂಗಡಿ ಎಲ್ಲಾ ಮುಚ್ಯಾವ. ಕಸ ಒಂದ್ ಕಡ್ಡಿ ಬಿಡಬ್ಯಾಡ ಅಂತ ನಮ್ಮ ಮೇಸ್ತ್ರಿ ಎದಿ ಮ್ಯಾಲ ಕುಂತಾನ. ಇಡೀ ಊರಾಗ ಇವಕ್ಕ ನಿಮ್ದೊಂದೇ ಖಾನಾವಳಿ ತೆರದೈತಿ ನೋಡ್ರಿ.”

ಕೊಟ್ರೇಶ್ ನಕ್ಕು ಮೆಟ್ಟಿಲು ಹತ್ತಿದ. ತಟ್ಟೆ ಬಡಿದ. ಚೂರು ಎಸೆದ. ಬಿಸಿಲು ಏರಿತ್ತು, ಹದ್ದುಗಳು ಸುತ್ತುತ್ತ ಸುತ್ತುತ್ತ ಕಂಬದ ಹಾಗೆ ಮೇಲಕ್ಕೆ ಏರಿದವು. ಅವನು ಒಂದರ ಹಿಂದೆ ಲೆನ್ಸ್ ತಿರುಗಿಸುತ್ತಿದ್ದಾಗ ಉತ್ತರದ ಕಡೆಯಿಂದ ಸದ್ದು ಬಂತು. ಅವತ್ತು ತಾಲೀಮು. ಒಂಬತ್ತು ಜೆಟ್‌ಗಳು ದೊಡ್ಡ ಸುತ್ತು ಹಾಕಲು ಇತ್ತ ಬಂದು, ಅವನ ಮನೆಯ ನೇರಕ್ಕೇ ವಾಲಿದವು. ಎರಡು ವರ್ಷ ಕಾದ ಕ್ಷಣ, ಕೇಳದೆಯೇ ತಾರಸಿಗೆ ಬಂದಿತ್ತು. ಬೆರಳು ಗುಂಡಿಯ ಮೇಲಿತ್ತು.

ಆ ಚೌಕಟ್ಟಿನೊಳಗೆ ಅವನು ನೋಡಿದ: ಒಂಬತ್ತು ವಿಮಾನ, ಅವುಗಳ ದಾರಿಯಲ್ಲಿ ಒಂದು ಹದ್ದು, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಅವನು ಕರೆದವು. ಬೆರಳು ಒತ್ತಲಿಲ್ಲ. ಕಣ್ಣು ಮುಚ್ಚಿಕೊಂಡ. ಸದ್ದು ನೆತ್ತಿಯ ಮೇಲೆ ಹರಿದು ಹೋಯಿತು. ಕಣ್ಣು ತೆರೆದು ಎಣಿಸಿದ. ಒಂಬತ್ತೂ ಹೋಗುತ್ತಿದ್ದವು. ಎಷ್ಟು ಅಂತರದಲ್ಲಿ ತಪ್ಪಿತೋ, ಅಂತರ ನಿಜಕ್ಕೂ ದೊಡ್ಡದಿತ್ತೋ, ಲೆನ್ಸ್ ಹತ್ತಿರ ಮಾಡಿ ತೋರಿಸಿತೋ ಅವನಿಗೆ ತಿಳಿಯಲಿಲ್ಲ. ಲೆನ್ಸಿನ ಮುಚ್ಚಳ ಹಾಕಿ ಕೆಳಗಿಳಿದ.

ಶುಕ್ರವಾರ ಅವನು ತಾರಸಿಗೆ ಹತ್ತಲಿಲ್ಲ, ತಟ್ಟೆ ಮುಟ್ಟಲಿಲ್ಲ. ಹದ್ದುಗಳು ಬಂದವು. ಒಂಬತ್ತೂವರೆಗೆ ಸರಿಯಾಗಿ ಬಂದು, ಏನೂ ಸಿಗದೆ, ಸಿಳ್ಳೆ ಹಾಕುತ್ತ ಮೊದಲಿಗಿಂತ ಎತ್ತರಕ್ಕೆ ಏರಿ ಹನ್ನೊಂದರವರೆಗೂ ಸುತ್ತಿದವು. ಪಾಲಿಕೆಯ ಸಹಾಯವಾಣಿಗೆ ಫೋನ್ ಮಾಡಿದರೆ ಅತ್ತಲಿನ ಹುಡುಗಿ, “ಫುಡ್ ಹಾಕೋದು ನಿಲ್ಸಿ ಸಾರ್” ಎಂದಳು. ನಿಲ್ಲಿಸಿದ್ದೇನೆ ಎಂದ. “ಹಾಗಾದ್ರೆ ಒಂದು ವಾರದಲ್ಲಿ ಬರೋದು ಬಿಡ್ತಾವೆ ಸಾರ್.” ಪ್ರದರ್ಶನಕ್ಕೆ ಮೂರು ದಿನ ಉಳಿದಿತ್ತು.

ಅಂದು ಕೆಲಸಕ್ಕೆ ರಜೆ ಹೇಳಿ ಮನೆಯಲ್ಲೇ ಕುಳಿತ ಮಗನನ್ನು ಬಸಮ್ಮ ನೋಡಿದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಚುರುಕಾಗಿತ್ತು.

“ಯಾಕೋ ತಮ್ಮಾ, ಇವತ್ತು ತಟ್ಟಿ ಸಪ್ಪಳ ಇಲ್ಲ? ಜಳಕಾನೂ ಒಂದೇ ಆತು?”

ಕೊಟ್ರೇಶ್ ಹೇಳಿಬಿಟ್ಟ. ಚರ್ಮ, ಕರುಳು, ಹೆಲ್ಮೆಟ್ಟು, ವಿಮಾನ, ಎಲ್ಲ. ಬಸಮ್ಮ ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಕೆಳಗಿಟ್ಟಳು.

“ಎರಡು ವರ್ಷ ಮಂಡಕ್ಕಿ ಅಂತ ಓಣಿ ತುಂಬ ಹೇಳೀನಲ್ಲೋ. ಪಕ್ಕದ ಮನಿ ಮಹಾದೇವಿ ಅಂತೂ ತನ್ನ ಗಂಡಗ ಬೈತಿದ್ಲು, ಬಸಮ್ಮಾರ ಮಗನ್ನ ನೋಡಿ ಕಲೀರಿ ಅಂತ!”

“ತಪ್ಪಾತವ್ವ.”

“ಹದ್ದಿಗೆ ಮಾಂಸ ಹಾಕಿದ್ದು ತಪ್ಪಲ್ಲ. ಅದರ ಊಟ ಅದು, ಶಿವ ಕೊಟ್ಟದ್ದು. ಅದಕ್ಕ ಹಸಿವು ಅಂತ ಹಾಕಿದಿಯೋ, ನಿನಗ ಫೋಟೋ ಹಸಿವು ಅಂತ ಹಾಕಿದಿಯೋ?”

ಬಸಮ್ಮ ಗೋಡೆಗೆ ಒರಗಿ, ಸಣ್ಣವನಿದ್ದಾಗ ಅವನಿಗೆ ಹೇಳುತ್ತಿದ್ದ ದನಿಯಲ್ಲೇ ಶುರುಮಾಡಿದಳು.

“ನಮ್ಮ ತವರೂರಾಗ ಮಡಿವಾಳಪ್ಪ ಅಂತ ಒಬ್ಬ ಇದ್ದ. ಗವಿ ಹತ್ರ ಗಂಟಿ ಬಾರ್ಸಿ ಮಂಗ್ಯಾಗಳಿಗೆ ಕಡ್ಲಿ ಹಾಕ್ತಿದ್ದ, ತನಗ ಮಂದಿ ಕೈ ಮುಗೀಲಿ ಅಂತ. ಮಂಗ್ಯಾ ಹೆಚ್ಚಾದ್ವು. ಊರೊಳಗ ಬಂದು ಹಂಚು ಕಿತ್ವು, ಕೂಸಿನ ಕೈಯಾಗಿನ ರೊಟ್ಟಿ ಕಸಗೊಂಡ್ವು. ಮಂದಿ ಬಡಿಗಿ ತಗೊಂಡ್ರು. ಆಗ ಗೌಡ್ರ ಮುದುಕಿ ಹೇಳಿದ್ಲಂತ, ಬಡೀಬ್ಯಾಡ್ರಿ, ಕರದಾಂವ ಕಳಿಸಿ ಬರಲಿ ಅಂತ. ಮಡಿವಾಳಪ್ಪ ಗಂಟಿ ಹಿಡಕೊಂಡು ಹಗಲೆಲ್ಲ ಮುಂದ ಮುಂದ ನಡದ. ಮಂಗ್ಯಾ ಹಿಂದ ಹಿಂದ. ಗುಡ್ಡ ದಾಟಿಸಿ ಬಂದ ನೋಡು. ಬೀಗರನ್ನ ಊರ ಅಗಸಿ ತನಕ ಕಳಿಸಿ ಬರಂಗಿಲ್ಲೇನು ನಾವು? ಹಂಗ.”

ಶನಿವಾರ ಬೆಳಿಗ್ಗೆ ಕೊಟ್ರೇಶ್ ಮನೆಯಿಂದ ಮೂರು ಬೀದಿ ಆಚೆಯ ಖಾಲಿ ನಿವೇಶನದಲ್ಲಿ ನಿಂತು ತಟ್ಟೆ ಬಡಿದ. ಹದ್ದುಗಳು ತಾರಸಿಯ ಮೇಲಿನಿಂದ ತಲೆ ತಿರುಗಿಸಿ ನೋಡಿದವು. ಒಂದು ಬಂತು. ಆಮೇಲೆ ಎಲ್ಲವೂ ಬಂದವು. ಅವನು ನೆಲಮಂಗಲದ ಕಡೆಯಿಂದ ತಂದ ಚೂರುಗಳಲ್ಲಿ ಸ್ವಲ್ಪ ಎಸೆದು, ಸ್ಕೂಟರ್ ಹತ್ತಿ, ಚಿಕ್ಕಬಾಣಾವರದ ರೈಲು ಹಳಿಯ ಹತ್ತಿರ ಹೋಗಿ ಮತ್ತೆ ಬಡಿದ. ನೆಲಕ್ಕೆ ಬಿದ್ದ ಚೂರುಗಳನ್ನು ಚನ್ನಕ್ಕ ಹಿಂದಿನಿಂದ ಬಂದು ಬುಟ್ಟಿಗೆ ತುಂಬಿದಳು, ಬೈಯುತ್ತಲೇ.

“ಮದುವಿ ದಿಬ್ಬಣ ಹೊಂಟಂಗ ಹೊಂಟೀರಲ್ರಿ ಸರ! ಮದುಮಗ ನೀವು, ಬೀಗರು ಇವು. ಒಂದು ಚೂರು ಉಳದ್ರ ಮೇಸ್ತ್ರಿ ನನ್ನ ಪಗಾರ ಹಿಡೀತಾನ, ಗೊತ್ತೈತಿಲ್ಲ?”

“ಗೊತ್ತೈತಿ ತಾಯಿ. ನಾನೂ ಆರಿಸ್ತೀನಿ, ತಡಿ.”

ಅವನೂ ಬಗ್ಗಿ ಆರಿಸಿದ. ದಾರಿಯಲ್ಲಿ ಹೋಗುತ್ತಿದ್ದ ಪರಿಚಯದವರು ಗಾಡಿ ನಿಧಾನ ಮಾಡಿ ನೋಡಿದರು. ಅವನ ತಲೆಯ ಮೇಲೆ ಅವತ್ತು ಹೆಲ್ಮೆಟ್ ಇರಲಿಲ್ಲ, ಗಾಡಿಯ ಹಿಡಿಕೆಯಲ್ಲಿ ತೂಗುತ್ತಿತ್ತು.

ಭಾನುವಾರ ಅವುಗಳನ್ನು ಅಲ್ಲಿನ ಕೆರೆ ದಾಟಿಸಿ, ಅಪ್ಪಣೆಯ ಗೆರೆಯನ್ನೂ ದಾಟಿಸಿ, ಹಾಳು ಬಿದ್ದ ಕಲ್ಲುಕ್ವಾರಿಯ ಹತ್ತಿರದ ನೀಲಗಿರಿ ಮರಗಳಿಗೆ ಮುಟ್ಟಿಸಿದ. ಸಂಜೆ ಅಮರೇಶನಿಗೆ ಫೋನ್ ಮಾಡಿದ.

“ನಾಳೆ ನಾನು ಬರಲ್ಲ. ಒಂಬತ್ತೂವರೆಗೆ ಅಲ್ಲಿ ತಟ್ಟೆ ಬಡೀದಿದ್ರೆ ಅವು ವಾಪಸ್ ನಮ್ಮನೆ ಮೇಲೇ ಬರ್ತಾವೆ.”

“ತಲೆ ಕೆಟ್ಟಿದ್ಯಾ ಗುರು? ಯಾರಿಗಾದ್ರೂ ತಟ್ಟೆ ಕೊಟ್ಟು ಬಾ!”

“ಎರಡು ವರ್ಷದಿಂದ ನನ್ನ ಮುಖ ನೋಡಿವೆ ಕಣೋ. ಬೇರೆಯವರು ಬಡಿದ್ರೆ ಇಳಿಯಲ್ಲ.”

“ಒಂಬತ್ತರ ಫಾರ್ಮೇಷನ್ ಬಂದಾಗ ಫೋನ್ ಮಾಡ್ತೀನಿ. ಸದ್ದಾದ್ರೂ ಕೇಳು” ಎಂದ ಅಮರೇಶ.

ಸೋಮವಾರ ಕ್ಯಾಮೆರಾ ಮನೆಯಲ್ಲೇ ಉಳಿಯಿತು. ತಂದರೆ ಕೈ ಅದರ ಕಡೆಗೇ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಬಸಮ್ಮ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದಳು. ಕ್ವಾರಿಯ ಬಂಡೆಯ ಮೇಲೆ ನಿಂತು ಅವನು ತಟ್ಟೆ ಬಡಿದ. ಹದ್ದುಗಳು ಮರದಿಂದ ಇಳಿದವು, ತಿಂದವು, ಬಿಸಿಲಿಗೆ ರೆಕ್ಕೆ ಸಡಿಲಿಸಿ ಬಂಡೆಗಳ ಮೇಲೆ ಕುಳಿತವು. ಹೊಟ್ಟೆ ತುಂಬಿದ ಜೀವಕ್ಕೆ ಆಕಾಶದ ಅವಸರವಿಲ್ಲ. ಚೀಲ ಖಾಲಿಯಾಯಿತು. ಅವನೂ ಕುಳಿತ. ಇಷ್ಟು ದಿನ ಇವುಗಳನ್ನು ಕಿರುಬೆರಳಷ್ಟು ಗಾಜಿನ ಕಿಂಡಿಯಲ್ಲಿ ನೋಡಿದ್ದೆ, ಮುಖ ಈಗ ನೋಡುತ್ತಿದ್ದೇನೆ ಅನ್ನಿಸಿತು. ಒಂದರ ಕಾಲಿಗೆ ಗಾಳಿಪಟದ ದಾರ ಸುತ್ತಿ ಗಾಯವಾಗಿತ್ತು. ಎರಡು ವರ್ಷದ ಸಾವಿರಾರು ಫೋಟೋಗಳಲ್ಲಿ ಅದು ಅವನಿಗೆ ಕಂಡಿರಲಿಲ್ಲ.

ಹತ್ತಕ್ಕೆ ಐದು ನಿಮಿಷವಿದ್ದಾಗ ಫೋನ್ ಬಂತು.

“ಗುರು, ಬಂತು, ಬಂತು! ಕೇಳು!”

ಫೋನಿನಲ್ಲಿ ಮೊದಲು ಗಾಳಿ, ಆಮೇಲೆ ಗುಡುಗು. ಅದೇ ಹೊತ್ತಿಗೆ ದಾರದ ಕಾಲಿನ ಹದ್ದು ಬಂಡೆ ಬಿಟ್ಟು ಎದ್ದಿತು. ಕಾಲಿನ ನೋವಿಗೆ ಅದಕ್ಕೆ ಉಳಿದವುಗಳ ನಡುವೆ ನುಗ್ಗಿ ತಿನ್ನಲು ಆಗಿರಲಿಲ್ಲ. ಎರಡು ಸುತ್ತು ಹಾಕಿ ಪೂರ್ವಕ್ಕೆ ಮುಖ ಮಾಡಿತು. ತಾರಸಿ ಇದ್ದ ಕಡೆಗೆ. ಒಂದು ಹೊರಟರೆ ಉಳಿದವು ಹೊರಡುವುದನ್ನು ಕೊಟ್ರೇಶ್ ಎಷ್ಟೋ ಸಲ ನೋಡಿದ್ದ.

ಫೋನ್ ಬಂಡೆಯ ಮೇಲಿಟ್ಟು ತಟ್ಟೆ ಬಡಿದ. ಹದ್ದು ತಿರುಗಿತು. ಇಳಿಯುತ್ತ ಬಂತು. ಚೀಲದಲ್ಲಿ ಏನೂ ಇಲ್ಲ. ಕರೆದಾಗಿದೆ, ಕರೆದು ಬರಿಗೈ ತೋರಿಸುವುದು ಹೇಗೆ? ಬಟ್ಟೆಯ ಗಂಟು ಬಿಚ್ಚಿ, ರೊಟ್ಟಿ ಮುರಿದು ಮೇಲಕ್ಕೆ ಎಸೆದ. ಹದ್ದು ಒಮ್ಮೆ ವಾಲಿ, ಗಾಯದ ಕಾಲನ್ನು ಒಳಗೆ ಎಳೆದುಕೊಂಡು, ಒಳ್ಳೆಯ ಕಾಲಿನಿಂದ ರೊಟ್ಟಿಯನ್ನು ಹಿಡಿಯಿತು. ನೀಲಗಿರಿಯ ಕೊಂಬೆಗೆ ಹೋಗಿ ಕುಳಿತಿತು. ಕೊಕ್ಕಿನಿಂದ ಮುಟ್ಟಿ ನೋಡಿತು. ತಿಂದಿತು. ಅವನು ಇನ್ನೊಂದು ಚೂರು ಎಸೆದ, ಮತ್ತೊಂದು ಎಸೆದ, ಎರಡು ರೊಟ್ಟಿಯೂ ಮುಗಿಯುವ ತನಕ.

ಆಗ ನೆನಪಾಗಿ ತಿರುಗಿದ. ಪೂರ್ವದ ಆಕಾಶ ಖಾಲಿಯಾಗಿತ್ತು. ದೂರದಲ್ಲಿ ಸದ್ದಿನ ಬಾಲವೊಂದು ಎಳೆದುಕೊಂಡು ಹೋಗುತ್ತಿತ್ತು. ಫೋನ್ ಎತ್ತಿಕೊಂಡ.

“ಎಷ್ಟು?” ಎಂದು ಕೇಳಿದ.

“ಏನು ಎಷ್ಟು? ಒಂಬತ್ತು ಕಣೋ! ಒಂಬತ್ತೂ ಒಟ್ಟಿಗೆ ವಾಲಿದ್ವು. ನಿಂಗೆ ಕಾಣಿಸ್ಲಿಲ್ವಾ?”

“ಇಲ್ಲ. ಒಂಬತ್ತೂ ಹೋದ್ವಲ್ಲ, ಸಾಕು.”

ಮನೆಗೆ ಬಂದಾಗ ಹನ್ನೊಂದಾಗಿತ್ತು. ತಾರಸಿಯ ಮೇಲೆ ಒಂದು ಹದ್ದೂ ಇರಲಿಲ್ಲ. ಎರಡು ಕಾಗೆ ಟ್ಯಾಂಕಿನ ಮೇಲೆ ಜಾಗ ಹಿಡಿದಿದ್ದವು. ಬಸಮ್ಮ ಖಾಲಿ ಬಟ್ಟೆಯನ್ನು ಬೆರಳಿನಿಂದ ತಡವಿದಳು.

“ರೊಟ್ಟಿ ಉಂಡಿಯಾ?”

“ನಾ ಉಣ್ಣಲಿಲ್ಲವ್ವ. ಒಂದು ಹದ್ದು ತಿಂತು. ಎರಡೂ ತಿಂತು.”

“ಹದ್ದು, ಜ್ವಾಳದ ರೊಟ್ಟಿ ತಿಂತು?”

“ಹೌದು.”

“ಮೊದಲು ಮಂಡಕ್ಕಿ, ಈಗ ರೊಟ್ಟಿ” ಎಂದಳು ಬಸಮ್ಮ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. “ಫೋಟೋ ತಗದೀಯೇನು?”

“ಇಲ್ಲ. ಕ್ಯಾಮೆರಾ ಒಯ್ದಿರಲಿಲ್ಲ.”

ಬಸಮ್ಮ ಪೊರೆ ಬಂದ ಕಣ್ಣಿನಿಂದ ಮಗನ ಮುಖವಿದ್ದ ಕಡೆಗೆ ಸ್ವಲ್ಪ ಹೊತ್ತು ನೋಡಿದಳು.

“ಹಂಗಾದ್ರ ಖರೇನ ಇರಬೇಕು” ಎಂದಳು. “ಹೋಗು, ಜಳಕ ಮಾಡಿ ಬಾ. ನಿನಗ ಬಿಸಿ ರೊಟ್ಟಿ ಬಡೀತೀನಿ.”